ಹಳ್ಳದ ಹರಳು, ಕೈಯಾಗೊಂದು ಉಳಿ: ಕಲ್ಲಿನ ಸಹವಾಸ ಮಾಡಿದರೆ ತಲೆ ತಣ್ಣಗಾಗುತ್ತಾ?

ಸಂಚಿಕೆ ಶುರು ಮಾಡೋ ಮೊದಲು ನಿಮಗೊಂದು ಸಣ್ಣ ಕೆಲಸ. ಅಂಗಳದಲ್ಲಿರಿ, ಬಸ್‌ಸ್ಟ್ಯಾಂಡಿನಲ್ಲಿರಿ, ಕಬ್ಬಿನ ಹೊಲದ ಬದುವಿನ ಮೇಲಿರಿ, ಬಗ್ಗಿ ಒಂದು ಕಲ್ಲು ಎತ್ತಿಕೊಳ್ಳಿ. ಚಂದ ಇರಬೇಕು ಅಂತೇನಿಲ್ಲ, ಮುಷ್ಟಿಯಲ್ಲಿ ಹಿಡಿಸಿದರೆ ಸಾಕು. ಅದನ್ನ ಹಿಡಿದುಕೊಂಡೇ ಕೇಳಿ.

ನಾನು ಮಾತಾಡ್ತಿರೋದು ರಾಯಬಾಗ ತಾಲ್ಲೂಕಿನ ಹಾರೂಗೇರಿಯಿಂದ. ನನಗೆ ಕಲ್ಲಿನ ಹುಚ್ಚು ಹಿಡಿದದ್ದು ಒಂದು ಕೆಟ್ಟ ಬೇಸಿಗೆಯಲ್ಲಿ. ಸರ್ಕಾರಿ ಹುದ್ದೆಯೊಂದರ ಪರೀಕ್ಷೆ ಬರೆದು ಫಲಿತಾಂಶಕ್ಕೆ ಕಾಯ್ತಿದ್ದೆ. ಇವತ್ತು ಬರುತ್ತೆ, ನಾಳೆ ಬರುತ್ತೆ ಅಂತ ತಿಂಗಳುಗಟ್ಟಲೆ. ರಾತ್ರಿ ಎರಡು ಗಂಟೆಗೆ ಎದ್ದು ಮೊಬೈಲಿನಲ್ಲಿ ಅದೇ ಪುಟ ಮತ್ತೆ ಮತ್ತೆ ತೆರೆಯೋದು, ಟೆಲಿಗ್ರಾಂ ಗುಂಪಿನಲ್ಲಿ ಯಾರೋ ಹಾಕಿದ ಗಾಳಿಸುದ್ದಿ ಓದಿ ಎದೆ ಡವಗುಟ್ಟೋದು. ನಿದ್ದೆ ಹೋಯ್ತು, ಊಟ ಸೇರಲಿಲ್ಲ. ಒಂದಿನ ಅವ್ವ ಮೊಬೈಲ್ ಕಸಿದುಕೊಂಡು, "ಮಾವನ ಹೊಲದಾಗ ನೀರ ಹಾಯಿಸಿ ಬಾ ಹೋಗು" ಅಂದಳು. ಹೋದೆ. ಮೋಟರ್ ಚಾಲೂ ಮಾಡಿ ಪಕ್ಕದ ಹಳ್ಳದಲ್ಲಿ ಕೂತೆ. ಹಳ್ಳ ಒಣಗಿತ್ತು. ಕರಿ ಕಲ್ಲುಗಳ ನಡುವೆ ಹಾಲಿನ ಬಣ್ಣದ ಒಂದು ಹರಳು, ಹುಣಸೆಬೀಜಕ್ಕಿಂತ ತುಸು ದೊಡ್ಡದು. ಬಿಸಿಲಿಗೆ ಹಿಡಿದೆ, ಬೆಳಕು ಅದರೊಳಗೆ ಇಳೀತು. ಇನ್ನೊಂದು ಸಿಕ್ಕೀತಾ ಅಂತ ಹುಡುಕಿದೆ. ತಲೆ ಎತ್ತಿದಾಗ ಎರಡು ತಾಸು ಕಳೆದಿತ್ತು. ಆ ಎರಡು ತಾಸಿನಲ್ಲಿ ಫಲಿತಾಂಶ ಅನ್ನೋ ಶಬ್ದ ನನ್ನ ತಲೆಯೊಳಗೆ ಒಂದು ಸಲವೂ ಬಂದಿರಲಿಲ್ಲ.

ಹಾಗಾದರೆ ಆ ಹರಳು ಅಲ್ಲಿಗೆ ಬಂದದ್ದು ಹೇಗೆ? ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ, ಈ ಐದೂ ತಾಲ್ಲೂಕುಗಳ ನೆಲದಡಿ ಬಹುಪಾಲು ಇರೋದು ಒಂದೇ ಬಂಡೆ, ಬಸಾಲ್ಟ್. ನಾವು ಕರಿಕಲ್ಲು ಅಂತೀವಿ. ಸುಮಾರು 6.6 ಕೋಟಿ ವರ್ಷದ ಹಿಂದೆ ನೆಲ ಸೀಳಿಕೊಂಡು ಉಕ್ಕಿದ ಲಾವಾ ಪದರದ ಮೇಲೆ ಪದರ ಹರಡಿ, ತಣ್ಣಗಾಗಿ ಆದ ಕಲ್ಲು ಇದು. ಇವತ್ತಿಗೂ ಸುಮಾರು 5 ಲಕ್ಷ ಚದರ ಕಿಲೋಮೀಟರ್ ನೆಲ ಇದರಡಿ ಇದೆ, ಮಹಾರಾಷ್ಟ್ರದ ಬಹುಭಾಗ ಸೇರಿ. ದಖ್ಖನ್ ಟ್ರ್ಯಾಪ್ ಅಂತ ಶಾಲೆಯಲ್ಲಿ ಓದಿರ್ತೀರಿ. ನಾವಿರೋದು ಅದರ ದಕ್ಷಿಣದ ಅಂಚಿನಲ್ಲಿ. ಗೋಕಾಕದ ಕಡೆ ಹೋದರೆ ಬಂಡೆಯೇ ಬೇರೆ. ಅಲ್ಲಿ ಘಟಪ್ರಭೆ ಧುಮುಕೋದು ಮರಳುಗಲ್ಲಿನ ಮೇಲಿಂದ.

ಗಾಣದ ಮನೆಯಲ್ಲಿ ಬೆಲ್ಲ ಕುದಿಯೋದು ನೋಡಿದ್ದೀರಲ್ಲ, ಪಾಕದೊಳಗೆ ಗುಳ್ಳೆ ಏಳುತ್ತವೆ. ಲಾವಾದಲ್ಲೂ ಹಾಗೇ, ಅನಿಲದ ಗುಳ್ಳೆಗಳು. ಮೇಲೆ ಬಂದು ಒಡೆಯೋ ಮೊದಲೇ ಲಾವಾ ಗಟ್ಟಿಯಾದರೆ ಗುಳ್ಳೆಯ ಜಾಗ ಪೊಳ್ಳಾಗಿ ಉಳಿಯುತ್ತೆ. ಆಮೇಲೆ ಸಾವಿರಾರು ವರ್ಷ ಬಂಡೆಯೊಳಗೆ ಜಿನುಗಿದ ನೀರು ತನ್ನ ಜತೆ ಕರಗಿಸಿಕೊಂಡು ತಂದ ಸಿಲಿಕಾವನ್ನ ಆ ಪೊಳ್ಳಿನಲ್ಲಿ ತೆಳ್ಳಗೆ, ಪದರಪದರವಾಗಿ ಬಿಡುತ್ತೆ. ಹಾಲುಬಣ್ಣದ್ದು ಕ್ಯಾಲ್ಸಿಡೊನಿ, ಗೆರೆಗೆರೆ ಇದ್ದದ್ದು ಅಗೇಟ್ ಅಂದ್ರೆ ಅಕೀಕ, ಕೆಂಪು-ಕಂದು ಬಣ್ಣದ, ಬೆಳಕು ದಾಟದ ಕಲ್ಲು ಜಾಸ್ಪರ್. ಬಸಾಲ್ಟ್ ಮಳೆ-ಬಿಸಿಲಿಗೆ ಸವೆದು ನಮ್ಮ ಎರೆಮಣ್ಣಾಯ್ತು. ಸಿಲಿಕಾ ಸವೆಯಲ್ಲ, ಹರಳಾಗಿ ಉಳೀತು. ಅದಕ್ಕೇ ಹೊಲ ಹರಗುವಾಗ, ಹಳ್ಳ ಇಳಿದಾಗ, ಕೃಷ್ಣೆಯ ದಂಡೆಯಲ್ಲಿ ಇವು ಸಿಗೋದು.

ಇನ್ನೊಂದು ಖಜಾನೆ ನಮ್ಮ ಕಣ್ಣೆದುರೇ ಇರುತ್ತೆ, ಯಾರೂ ನೋಡಲ್ಲ. ಬಾವಿ ತೋಡಿ ಪಕ್ಕದಲ್ಲಿ ಸುರಿದ ಕಲ್ಲಿನ ಗುಡ್ಡೆ. ಆ ಕಲ್ಲಿನ ಪೊಳ್ಳಿನಲ್ಲಿ ಒಮ್ಮೊಮ್ಮೆ ಬಿಳಿ ಸೂಜಿಗಳ ಹಾಗೆ, ಹೂವಿನ ಎಸಳಿನ ಹಾಗೆ ಹರಳುಗಳಿರುತ್ತವೆ. ಅವು ಜಿಯೊಲೈಟ್. ಮುಟ್ಟಿದರೆ ಮುರಿಯೋವಷ್ಟು ನಾಜೂಕು. ಇದೇ ದಖ್ಖನ್ ಬಂಡೆಯಿಂದ ತೆಗೆದ ದೊಡ್ಡ ದೊಡ್ಡ ಹರಳುಗಳನ್ನ ನೋಡಬೇಕು ಅಂದ್ರೆ ನಾಸಿಕ್ ಹತ್ತಿರದ ಸಿನ್ನರ್‌ನಲ್ಲಿ ಗಾರಗೋಟಿ ಅನ್ನೋ ಖನಿಜ ಸಂಗ್ರಹಾಲಯ ಇದೆ. ಶಿರಡಿಗೆ ಹೋಗೋರು ದಾರಿಯಲ್ಲಿ ನೋಡಿಕೊಂಡು ಬರಬಹುದು.

ಕಲ್ಲು ಗುರುತಿಸೋಕೆ ಆ್ಯಪ್ ಬೇಕಾ ಅಂತ ಕೇಳ್ತಾರೆ. ಫೋಟೊ ಹಾಕಿದರೆ ಹೆಸರು ಹೇಳೋ ಆ್ಯಪ್‌ಗಳಿವೆ, ನನಗಂತೂ ಅವುಗಳ ಮೇಲೆ ನಂಬಿಕೆ ಇಲ್ಲ. ಒಂದೇ ಹರಳಿಗೆ ಮೂರು ಸಲ ಮೂರು ಹೆಸರು ಹೇಳಿದ್ದುಂಟು. ಅದಕ್ಕಿಂತ ಒಂದು ಕಬ್ಬಿಣದ ಮೊಳೆ ಇಟ್ಟುಕೊಳ್ಳಿ. 1812ರಲ್ಲಿ ಫ್ರೀಡ್ರಿಖ್ ಮೋಸ್ ಅನ್ನೋ ಖನಿಜ ತಜ್ಞ ಗಟ್ಟಿತನಕ್ಕೆ 1ರಿಂದ 10ರ ಅಳತೆ ಮಾಡಿದ. ಒಂದಕ್ಕೆ ಬಳಪದ ಕಲ್ಲಿನಲ್ಲಿರೋ ಟಾಲ್ಕ್, ಹತ್ತಕ್ಕೆ ವಜ್ರ. ನಮ್ಮ ಉಗುರು ಎರಡೂವರೆ, ಮೊಳೆ ಸುಮಾರು ಐದು, ಬೆಣಚುಕಲ್ಲು ಏಳು. ಮೊಳೆಯಿಂದ ಗೀರಿದಾಗ ಕಲ್ಲಿಗೆ ಗಾಯವಾದರೆ ಅದು ಮೆತ್ತಗಿನದು. ಕಲ್ಲಿನ ಮೇಲೆ ಮೊಳೆಯದೇ ಬೂದು ಗೆರೆ ಬಿದ್ದರೆ ಕಲ್ಲು ಗಟ್ಟಿ. ಎರೆಹೊಲದಲ್ಲಿ ಸಿಗೋ ಬಿಳಿ ಉಂಡೆಗಳನ್ನ ನೋಡಿ ಮೋಸ ಹೋಗಬೇಡಿ, ಅವು ಸುಣ್ಣದ ಹರಳು. ಎರಡು ಹನಿ ನಿಂಬೆರಸ ಬಿಟ್ಟರೆ ಸಣ್ಣಗೆ ನೊರೆ ಏಳುತ್ತೆ. ಇನ್ನು ಕರಿ ಬಸಾಲ್ಟಿನೊಳಗೆ ಕಬ್ಬಿಣದ ಅಂಶದ ಸಣ್ಣ ಕಣಗಳಿವೆ. ಕೆಟ್ಟ ಸ್ಪೀಕರಿನ ಅಯಸ್ಕಾಂತವನ್ನ ದಾರಕ್ಕೆ ಕಟ್ಟಿ ಹತ್ತಿರ ತನ್ನಿ, ತುಸು ವಾಲುತ್ತೆ.

ಸಂಗ್ರಹ ಅಂದ ಮೇಲೆ ಒಬ್ಬರ ಹೆಸರು ಹೇಳಲೇಬೇಕು. ರಾಬರ್ಟ್ ಬ್ರೂಸ್ ಫೂಟ್. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಅಧಿಕಾರಿ. 1863ರಲ್ಲಿ ಮದ್ರಾಸ್ ಹತ್ತಿರದ ಪಲ್ಲಾವರಂನಲ್ಲಿ ಅವರು ಎತ್ತಿಕೊಂಡ ಒಂದು ಕಲ್ಲು, ಹಳೆ ಶಿಲಾಯುಗದ ಮನುಷ್ಯ ಕೈಯಾರೆ ಮಾಡಿದ ಆಯುಧವಾಗಿತ್ತು. ಭಾರತದ ಪ್ರಾಗಿತಿಹಾಸದ ಅಧ್ಯಯನಕ್ಕೆ ಅದೇ ಬುನಾದಿ. ಅವರು ಆಮೇಲೆ ನಮ್ಮ ಕಡೆಗೂ ಬಂದರು. ಗೋಕಾಕ ಸಮೀಪ ಅವರಿಗೆ ಘೇಂಡಾಮೃಗದ ಪಳೆಯುಳಿಕೆ ಸಿಕ್ಕಿತು, 1874ರಲ್ಲಿ ಅದರ ವಿವರ ಪ್ರಕಟಿಸಿದರು. ಗೋಕಾಕದಲ್ಲಿ ಘೇಂಡಾಮೃಗ ಅಂದ್ರೆ ನಮ್ಮ ದೋಸ್ತರು ಕರದಂಟಿನ ಜೋಕು ಮಾಡ್ತಾರೆ, ಆದರೆ ನಿಜ. ಈ ಸೀಮೆಯ ಭೂರಚನೆಯ ಮೇಲೆ ಅವರ ದೊಡ್ಡ ವರದಿ ಬಂದದ್ದು 1876ರಲ್ಲಿ. ಅವರ ಸಂಗ್ರಹ ಈಗ ಚೆನ್ನೈನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಇಷ್ಟು ವರ್ಷವಾದರೂ ಆ ಕಲ್ಲುಗಳಿಗೆ ಬೆಲೆ ಇರೋದು ಪ್ರತಿಯೊಂದೂ ಎಲ್ಲಿ ಸಿಕ್ಕಿತು ಅಂತ ಅವರು ಬರೆದಿಟ್ಟಿದ್ದಕ್ಕೆ. ನೀವೂ ಬರೆಯಿರಿ. ಎತ್ತೋ ಮೊದಲು ಮೊಬೈಲಿನಲ್ಲಿ ಲೊಕೇಶನ್ ಆನ್ ಮಾಡಿ ಒಂದು ಫೋಟೊ, ಆಮೇಲೆ ಒಂದು ಚೀಟಿಯಲ್ಲಿ ಊರು, ಹಳ್ಳ, ತಾರೀಖು. ಮೊಟ್ಟೆಯ ಟ್ರೇ ಇದ್ದರೆ ಅದೇ ನಿಮ್ಮ ಮ್ಯೂಸಿಯಂ.

ಎಲ್ಲಾ ಕಡೆ ಎತ್ತುವಂಗಿಲ್ಲ, ಅದನ್ನೂ ಹೇಳಿಬಿಡ್ತೀನಿ. ಹೊಲಕ್ಕೆ ಇಳಿಯೋ ಮುಂಚೆ ಹೊಲದವರನ್ನ ಕೇಳಿ. ಅಭಯಾರಣ್ಯದಿಂದ, ಸಂರಕ್ಷಿತ ಸ್ಮಾರಕದ ಆವರಣದಿಂದ ಒಂದು ಚೂರೂ ಬೇಡ. ನಾಲ್ಕು ಹರಳು ಜೇಬಿಗೆ ಹಾಕೋದು ಬೇರೆ, ಚೀಲ ತುಂಬಿ ಮಾರೋದು ಬೇರೆ. ಮಾರೋಕೆ ಅಂತ ತೆಗೆದರೆ ಅದು ಗಣಿ ಇಲಾಖೆಯ ಪರವಾನಗಿಯ ವಿಷಯ. ವೀರಗಲ್ಲು, ಶಾಸನ, ಮುರಿದ ಮೂರ್ತಿ, ಕಲ್ಲಿನ ಹಳೇ ಕೊಡಲಿ ಕಂಡರೆ ಅಲ್ಲೇ ಬಿಟ್ಟು, ಫೋಟೊ ತೆಗೆದು, ಪುರಾತತ್ವ ಇಲಾಖೆಗೋ ತಹಶೀಲ್ದಾರ ಕಚೇರಿಗೋ ತಿಳಿಸಿ. ಜಾಗ ಬಿಟ್ಟರೆ ಅದರ ಕಥೆಯೂ ಹೋಯ್ತು. ಇನ್ನು ಕೃಷ್ಣೆ. 2019ರ ಆಗಸ್ಟ್ ಯಾರಿಗೆ ಮರೆತಿದೆ? ಮಳೆಗಾಲದಲ್ಲಿ ಕೊಯ್ನಾದಿಂದ ನೀರು ಬಿಟ್ಟರೆ ದಂಡೆ ದಂಡೆಯಾಗಿ ಉಳಿಯಲ್ಲ. ಬೇಸಿಗೆಯಲ್ಲೂ ಮಡುವಿನ ಹತ್ತಿರ ಮೊಸಳೆ ಇರುತ್ತೆ, ಇದು ಅಜ್ಜಿ ಕಥೆ ಅಲ್ಲ. ನಾನು ನದಿಗಿಂತ ಹಳ್ಳವೇ ವಾಸಿ ಅಂತೀನಿ.

ಈಗ ಉಳಿಯ ವಿಷಯಕ್ಕೆ ಬರೋಣ. ಹರಳು ಆರಿಸಿ ಆರಿಸಿ ಆರು ತಿಂಗಳಾದ ಮೇಲೆ ನನಗೂ ಏನಾದರೂ ಕೆತ್ತಬೇಕು ಅನ್ನಿಸಿತು. ಹಳ್ಳದಿಂದ ಒಂದು ಕರಿಕಲ್ಲು ತಂದೆ, ಅಂಗಡಿಯಿಂದ ಉಳಿ ತಂದೆ, ರೀಲ್ಸ್ ನೋಡಿ ಹೊಡೆದೆ. ಒಂದು ವಾರ ಹೊಡೆದರೂ ಆದದ್ದು ನಾಲ್ಕು ಬಿಳಿ ಚುಕ್ಕಿ. ಉಳಿಯ ತುದಿ ಮಡಚಿ, ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು.

ಸಂತೆಯ ದಿನ ರಸ್ತೆ ಬದಿಗೆ ಕಲಬತ್ತು, ಒಳ್ಳು, ಬೀಸುಕಲ್ಲು ಇಟ್ಟುಕೊಂಡು ಕೂತಿದ್ದ ಒಬ್ಬ ಹಿರಿಯರ ಹತ್ತಿರ ಹೋದೆ. "ಕಾಕಾ, ಇದು ಯಾಕ ಆಗವಲ್ದು?" ಅಂತ ಉಳಿ ತೋರಿಸಿದೆ. ಅವರು ನಕ್ಕರು. "ತಮ್ಮಾ, ನೀ ಕಲ್ಲ ಬಡಿಯಾಕತ್ತಿ. ಮೊದಲ ಅದರ ಮಾತ ಕೇಳು." ತಮ್ಮ ಸುತ್ತಿಗೆಯಿಂದ ಎರಡು ಕಲ್ಲುಗಳನ್ನ ಮೆಲ್ಲಗೆ ತಟ್ಟಿದರು. ಒಂದು ಟಣ್ ಅಂತು, ಇನ್ನೊಂದು ಡಬ್ ಅಂತು. ಟಣ್ ಅಂದದ್ದು ಒಳಗೂ ಗಟ್ಟಿ, ಡಬ್ ಅಂದದ್ದರೊಳಗೆ ಸೀಳು. ಆಮೇಲೆ ಉಳಿಯನ್ನ ನೆಟ್ಟಗೆ ಇಡದೆ ಓರೆಯಾಗಿ ಇಟ್ಟು, ಸಣ್ಣ ಸಣ್ಣ ಏಟು. ಒಂದೇ ತಾಳ. ಬೀಸುಕಲ್ಲಿಗೆ ಮುಳ್ಳು ಹಾಕೋದು ನೀವು ನೋಡಿರಬೇಕು, ಅದೇ ತಾಳ. ನಾನು ಬೆರಗಾಗಿ ನೋಡ್ತಿದ್ದೆ, ಅಷ್ಟರಲ್ಲಿ ಅವರಿಗೆ ಕೆಮ್ಮು ಬಂತು, ಬಹಳ ಹೊತ್ತು ನಿಲ್ಲಲೇ ಇಲ್ಲ. ಬಾಯಿಗೆ ಕಟ್ಟಿಕೊಳ್ಳೋಕೆ ಏನೂ ಇರಲಿಲ್ಲ. "ನಿನಗ ಇದು ಆಟ, ನಮಗ ಹೊಟ್ಟಿಪಾಡು" ಅಂದರು. ಬೇಸರದಿಂದ ಹೇಳಲಿಲ್ಲ, ಇದ್ದದ್ದನ್ನ ಇದ್ದ ಹಾಗೆ ಹೇಳಿದರು.

ಆ ಮಾತನ್ನ ದಾಟಿ ಮುಂದೆ ಹೋಗೋಕೆ ನನಗೆ ಇವತ್ತಿಗೂ ಆಗಲ್ಲ. ಮನಸ್ಸಿಗೆ ಶಾಂತಿ ಅಂತ ನಾವು ಕೈಗೆತ್ತಿಕೊಳ್ಳೋ ಕೆಲಸ ಯಾರದೋ ಪುಪ್ಪುಸವನ್ನ ತಿಂದಿದೆ. ಸಿಲಿಕಾದ ಸಣ್ಣ ಧೂಳು, ಕಣ್ಣಿಗೂ ಕಾಣದಷ್ಟು ಸಣ್ಣದು, ಶ್ವಾಸಕೋಶದ ಆಳಕ್ಕೆ ಹೋಗಿ ಕೂತರೆ ಅಲ್ಲಿ ಗಾಯದ ಕಲೆಯ ಹಾಗೆ ಗಟ್ಟಿಯಾಗ್ತಾ ಹೋಗುತ್ತೆ. ಸಿಲಿಕೋಸಿಸ್ ಅಂತಾರೆ. ವಾಸಿ ಮಾಡೋ ಔಷಧ ಇಲ್ಲ. ಬಸಾಲ್ಟಿನಲ್ಲಿ ಬೆಣಚಿನ ಅಂಶ ಕಡಿಮೆ. ಮರಳುಗಲ್ಲು, ಗ್ರಾನೈಟ್, ನಾವು ಪ್ರೀತಿಯಿಂದ ತರೋ ಅಕೀಕ, ಇವುಗಳಲ್ಲಿ ಜಾಸ್ತಿ. ಹಾಗಾಗಿ ಮನೆಯಲ್ಲಿ ಗ್ರೈಂಡರ್ ಮಶೀನಿನಿಂದ ಒಣ ಅಕೀಕ ಕೊಯ್ಯೋ ರೀಲ್ ನೋಡಿದರೆ ಮುಂದಕ್ಕೆ ತಳ್ಳಿಬಿಡಿ. ನಮ್ಮಂಥವರಿಗೆ ಸೂತ್ರ ಒಂದೇ, ಕಲ್ಲು ಸದಾ ಒದ್ದೆಯಾಗಿರಬೇಕು. ನೀರಿದ್ದರೆ ಧೂಳು ಏಳಲ್ಲ, ರಾಡಿಯಾಗಿ ಇಳಿಯುತ್ತೆ. ಆ ರಾಡಿ ಒಣಗೋ ಮೊದಲೇ ಒರೆಸಿ ತೆಗೀಬೇಕು. ಬಯಲಲ್ಲಿ ಕೂರಬೇಕು. ಎನ್95 ಮಾಸ್ಕ್, ಕೊರೊನಾ ಕಾಲದ್ದು ಮನೆಯಲ್ಲಿ ಉಳಿದಿರುತ್ತಲ್ಲ, ಅದು. ಬಟ್ಟೆಯ ಕರವಸ್ತ್ರ ಸಾಲದು. ಕಣ್ಣಿಗೆ ಕನ್ನಡಕ. ಮೈಸೂರಿನ ಅರುಣ್ ಯೋಗಿರಾಜ್ ಹೆಸರು ಗೊತ್ತಲ್ಲ, 2024ರ ಜನವರಿ 22ರಂದು ಅಯೋಧ್ಯೆಯಲ್ಲಿ ಪ್ರತಿಷ್ಠಾಪನೆಯಾದ ಬಾಲರಾಮನ ಶಿಲ್ಪಿ. ಆ ಮೂರ್ತಿ ಕೆತ್ತುವಾಗ ಕಲ್ಲಿನ ಚೂರು ಕಣ್ಣಿಗೆ ಹೊಕ್ಕು ಶಸ್ತ್ರಚಿಕಿತ್ಸೆ ಮಾಡಿಸಬೇಕಾಯ್ತು ಅಂತ ಅವರ ಮನೆಯವರು ಹೇಳಿದ್ದು ಸುದ್ದಿಯಾಗಿತ್ತು. ಅಂಥ ಪಳಗಿದ ಕೈಗೇ ಹಾಗಾದರೆ ನಮ್ಮದೇನು?

ಕರಿಕಲ್ಲಿನಲ್ಲಿ ಕೆತ್ತೋಕೇ ಆಗಲ್ಲ ಅಂತಲ್ಲ. ಕಾಗವಾಡ ತಾಲ್ಲೂಕಿನ ಜುಗೂಳದ ಕಡೆಯಿಂದ ಕೃಷ್ಣೆ ದಾಟಿದರೆ ಮಹಾರಾಷ್ಟ್ರದ ಖಿದ್ರಾಪುರ. ಅಲ್ಲಿಯ ಕೋಪೇಶ್ವರ ಗುಡಿ ಶಿಲಾಹಾರರ ಕಾಲದ್ದು, 12ನೇ ಶತಮಾನದ ಕೆಲಸ, ಕನ್ನಡ ಶಾಸನಗಳೂ ಇವೆ. ಪೂರ್ತಿ ಇದೇ ಬಸಾಲ್ಟ್. ಸ್ವರ್ಗಮಂಟಪ ಅಂತ ಒಂದಿದೆ, 48 ಕಂಬ, ನಡುವೆ ಮೇಲ್ಛಾವಣಿಯೇ ಇಲ್ಲ, ದುಂಡಗೆ ಆಕಾಶ. ಕಂಬದ ಮೇಲೆ ಕೈಯಾಡಿಸಿದರೆ ಕರಿಕಲ್ಲು ಗಾಜಿನ ಹಾಗೆ ಜಾರುತ್ತೆ. ನನ್ನ ನಾಲ್ಕು ಬಿಳಿ ಚುಕ್ಕಿ ನೆನೆದು ನಾಚಿಕೆಯಾಯ್ತು. ಹೊಸಬರು ಒಂದು ಸಲ ಹೋಗಿ ನೋಡಿ, ಆದರೆ ಅಲ್ಲಿಂದ ಶುರು ಮಾಡಬೇಡಿ.

ಶುರು ಮಾಡಬೇಕಾದ್ದು ಬಳಪದ ಕಲ್ಲಿನಿಂದ. ಬೇಲೂರು, ಹಳೇಬೀಡಿನ ಆಭರಣದಂಥ ಕೆತ್ತನೆ ಸಾಧ್ಯವಾದದ್ದು ಈ ಮೆತ್ತಗಿನ ಕಲ್ಲಿನಿಂದಲೇ. ದಾಸೋಜ, ಅವನ ಮಗ ಚಾವಣ, ಆಮೇಲಿನ ಕಾಲದ ಮಲ್ಲಿತಮ್ಮ, ಇವರೆಲ್ಲ ತಮ್ಮ ಕೆಲಸದ ಕೆಳಗೆ ಹೆಸರು ಕೆತ್ತಿದ್ದಾರೆ. ನಮ್ಮ ಕಡೆ ಈ ಕಲ್ಲು ನೆಲದಲ್ಲಿ ಸಿಗಲ್ಲ. ಹೊಸ ಗುಡಿ ಕಟ್ಟೋ ಕಡೆ ಶಿಲ್ಪಿಗಳ ಹತ್ತಿರ ಉಳಿಕೆ ಚೂರು ಕೇಳಿ, ಇಲ್ಲವಾದರೆ ಒಡೆದುಹೋದ ಮಾಕಲ್ಲಿನ ಪಾತ್ರೆ ಇದ್ದರೆ ಅದೂ ಸಾಕು. ಅದೂ ಸಿಗದಿದ್ದರೆ ಮೊದಲ ವಾರ ಮೈಸೋಪು! ತಮಾಷೆ ಅಲ್ಲ, ಎಷ್ಟು ತೆಗೆಯಬೇಕು, ಎಲ್ಲಿ ನಿಲ್ಲಬೇಕು ಅನ್ನೋ ಅಂದಾಜು ಕೈಗೆ ಸೋಪಿನಿಂದಲೂ ಬರುತ್ತೆ.

ಬಳಪದ ಕಲ್ಲಿಗೆ ಸುತ್ತಿಗೆಯೇ ಬೇಡ. ಹಳೇ ಹ್ಯಾಕ್ಸಾ ಬ್ಲೇಡು, ಒಂದು ಅರ, ಒಂದು ಹಳೇ ಸ್ಕ್ರೂಡ್ರೈವರ್, ಗಾಡಿಗೆ ಬಣ್ಣ ಹೊಡೆಯೋರ ಹತ್ತಿರ ಸಿಗೋ ವಾಟರ್ ಪೇಪರ್. ಪೆನ್ಸಿಲಿನಿಂದ ಆಕಾರ ಬರೆದು, ಬೇಡದ ಮೂಲೆಗಳನ್ನ ಬ್ಲೇಡಿನಿಂದ ತೆಗೆದು, ಬಕೆಟ್ ನೀರಿನಲ್ಲಿ ಅದ್ದಿ ಅದ್ದಿ ಅರದಿಂದ ತಿಕ್ಕಬೇಕು. ಆಮೇಲೆ ಪೇಪರ್, 120 ನಂಬರಿನಿಂದ ಶುರು ಮಾಡಿ 220, 400, 800. ಇಲ್ಲಿ ಅವಸರ ಮಾಡಿದರೆ ಕೆಟ್ಟಿರಿ. 120ರ ಗೀರು ಪೂರ್ತಿ ಹೋಗೋ ಮುಂಚೆ 400ಕ್ಕೆ ಹಾರಿದರೆ ಆ ಗೀರು ಕೊನೆವರೆಗೂ ಇಣುಕುತ್ತಲೇ ಇರುತ್ತೆ. ಕಡೆಗೆ ಒಣಗಿಸಿ ನಾಲ್ಕು ಹನಿ ಕೊಬ್ಬರಿ ಎಣ್ಣೆ. ಬೂದು ಕಲ್ಲು ಒಮ್ಮೆಲೇ ಕಪ್ಪಗೆ ಮಿಂಚುತ್ತೆ, ಆ ಕ್ಷಣಕ್ಕೆ ಎಷ್ಟು ದಿನ ಬೇಕಾದರೂ ತಿಕ್ಕಬಹುದು. ಬಳಪದ ಕಲ್ಲು ಮೆತ್ತಗಿದೆ ಅಂತ ಒಣದಾಗಿ ತಿಕ್ಕಬೇಡಿ, ಕೆಲವು ಕಲ್ಲಿನಲ್ಲಿ ಕಲ್ನಾರಿನ ಎಳೆಗಳಿರಬಹುದು. ನೀರು, ಮಾಸ್ಕ್, ಎರಡೂ ಇಲ್ಲೂ ಬೇಕು.

ಸರಿ, ಇದರಿಂದ ತಲೆ ತಣ್ಣಗಾಗುತ್ತೆ ಅನ್ನೋದಕ್ಕೆ ಏನಾದರೂ ಆಧಾರ ಇದೆಯಾ? ಕಲ್ಲಿನ ಬಗ್ಗೆಯೇ ಮಾಡಿದ ಅಧ್ಯಯನ ನಾನು ಓದಿಲ್ಲ, ಕೈಕೆಲಸದ ಬಗ್ಗೆ ಓದಿದ್ದೀನಿ. ಅಮೆರಿಕದ ಡ್ರೆಕ್ಸೆಲ್ ವಿಶ್ವವಿದ್ಯಾಲಯದ ಗಿರಿಜಾ ಕೈಮಲ್ ಮತ್ತು ಜತೆಗಾರರು 2016ರಲ್ಲಿ ಪ್ರಕಟಿಸಿದ್ದು. 39 ಜನ, ತಲಾ 45 ನಿಮಿಷ ಜೇಡಿಮಣ್ಣು, ಬಣ್ಣದ ಪೆನ್ನು, ಕಾಗದದ ಚೂರು ಹಿಡಿದು ಮನಸ್ಸಿಗೆ ಬಂದದ್ದು ಮಾಡಿದರು. ಮೊದಲು ಮತ್ತು ಆಮೇಲೆ ಎಂಜಲು ತೆಗೆದು ಕಾರ್ಟಿಸಾಲ್, ಅಂದ್ರೆ ಒತ್ತಡದ ಹಾರ್ಮೋನ್, ಅಳೆದರು. ಸುಮಾರು 75 ಶೇಕಡಾ ಜನರಲ್ಲಿ ಅದು ಇಳಿದಿತ್ತು. ಮೊದಲಿನಿಂದ ಕಲೆ ಗೊತ್ತಿದ್ದವರು, ಗೊತ್ತಿಲ್ಲದವರು ಅನ್ನೋ ಭೇದ ಇರಲಿಲ್ಲ. ಆದರೆ ಸಣ್ಣ ಅಧ್ಯಯನ, ಸುಮ್ಮನೆ ಕೂತವರ ಜತೆ ಹೋಲಿಸಿ ನೋಡಿಲ್ಲ. ಅಷ್ಟಕ್ಕೇ ಕುಣಿದಾಡೋದು ಬೇಡ.

ನನಗೆ ಇದಕ್ಕಿಂತ ಹಿಡಿಸಿದ್ದು ಒಂದು ಕಥೆ, ನಿಜವಾಗಿ ನಡೆದದ್ದು. ಮನಃಶಾಸ್ತ್ರದ ದೊಡ್ಡ ಹೆಸರು ಕಾರ್ಲ್ ಯೂಂಗ್. ಸ್ವಿಟ್ಜರ್‌ಲ್ಯಾಂಡಿನ ಬೋಲಿಂಗನ್ ಅನ್ನೋ ಕೆರೆದಂಡೆಯ ಊರಲ್ಲಿ ಮನೆ ಕಟ್ಟಿಸಿದ್ದ. ಗೋಡೆಯ ಮೂಲೆಗೆ ಕಲ್ಲು ತರಿಸಿದರೆ ಅಳತೆ ತಪ್ಪಿ ಚೌಕದ ದೊಡ್ಡ ದಿಂಡು ಬಂತು. ಗವಂಡಿ ಸಿಟ್ಟಾಗಿ ವಾಪಸ್ ಕಳಿಸು ಅಂದ. ಯೂಂಗ್ ಕಲ್ಲನ್ನ ನೋಡಿ, ಬೇಡ, ಇದು ನನ್ನ ಕಲ್ಲು ಅಂದ. 1950, ಅವನಿಗಾಗ 75 ವರ್ಷ. ಆ ತಪ್ಪು ಕಲ್ಲಿನ ಮೂರು ಮುಖಗಳ ಮೇಲೆ ತಾನೇ ಉಳಿ ಹಿಡಿದು ಕೆತ್ತಿದ. ಊರವರ ಮನಸ್ಸಿನ ಗಂಟು ಬಿಚ್ಚಿದ ಮನುಷ್ಯ ತನ್ನದಕ್ಕೆ ಕಲ್ಲಿನ ಹತ್ತಿರ ಹೋದ.

ನನ್ನ ಅನುಭವ ಹೇಳೋದಾದರೆ, ಕಲ್ಲು ತಿಕ್ಕುವಾಗ ಎರಡೂ ಕೈ ಒದ್ದೆ. ಮೊಬೈಲ್ ಮುಟ್ಟೋಕೆ ಬರಲ್ಲ. ಅರ್ಧ ಶಾಂತಿ ಅಲ್ಲೇ ಸಿಕ್ಕಿರುತ್ತೆ ಅಂತ ನನಗೆ ಗುಮಾನಿ. ಹಾಗಂತ ಕಲ್ಲು ಔಷಧವಲ್ಲ. ವಾರಗಟ್ಟಲೆ ನಿದ್ದೆ ಇಲ್ಲ, ಬದುಕೋದೇ ಬೇಡ ಅನ್ನಿಸ್ತಿದೆ ಅಂದ್ರೆ ಹಳ್ಳಕ್ಕಲ್ಲ, ಮೊದಲು 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್, ಸರ್ಕಾರದ್ದು, ದುಡ್ಡಿಲ್ಲ, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡ್ತಾರೆ.

ಇನ್ನು ಹವ್ಯಾಸ ದಾಟಿ ಕಸುಬಾಗಿ ಕಲೀಬೇಕು ಅನ್ನೋರಿಗೆ ಎರಡು ವಿಳಾಸ: ಕಾರ್ಕಳ ಹತ್ತಿರ ಮಿಯಾರಿನ ಸಿ.ಇ. ಕಾಮತ್ ಸಂಸ್ಥೆ, ಬಿಡದಿ ಹತ್ತಿರ ಜೋಗರದೊಡ್ಡಿಯ ತರಬೇತಿ ಕೇಂದ್ರ. ಎರಡೂ ಕೆನರಾ ಬ್ಯಾಂಕಿನ ನೆರವಿನವು, ಕಲ್ಲಿನ ಕೆತ್ತನೆ ಕಲಿಸ್ತಾರೆ. ಕೋಲಾರ ಜಿಲ್ಲೆಯ ಶಿವಾರಪಟ್ಟಣಕ್ಕೆ ಹೋದರೆ ಇಡೀ ಊರೇ ಉಳಿಯ ಸದ್ದು.

ನನ್ನ ಫಲಿತಾಂಶ ಬಂತು. ನಾಲ್ಕು ಅಂಕಕ್ಕೆ ಹೋಯ್ತು. ಆ ರಾತ್ರಿ ಕಲ್ಲೂ ಇಲ್ಲ, ಅರವೂ ಇಲ್ಲ, ಅತ್ತೆ. ಮೂರನೇ ದಿನ ಅರ್ಧಕ್ಕೆ ಬಿಟ್ಟಿದ್ದ ಪಣತಿ ತೆಗೆದು ತಿಕ್ಕೋಕೆ ಕೂತೆ. ಅಂಚು ಒಂದು ಕಡೆ ಸೊಟ್ಟ ಆಯ್ತು, ಅವ್ವ ಅದನ್ನೇ ತುಳಸಿಕಟ್ಟೆಗೆ ಇಟ್ಟಿದ್ದಾಳೆ. ರಸ್ತೆ ಬದಿಯ ಕಾಕಾಗೆ ಮುಂದಿನ ಸಂತೆಗೆ ಎನ್95 ಮಾಸ್ಕಿನ ಒಂದು ಪಾಕೀಟು ಒಯ್ದು ಕೊಟ್ಟೆ. ಉಸಿರು ಕಟ್ಟತೈತಿ ಅಂತ ಗದ್ದಕ್ಕೆ ಇಳಿಸಿಕೊಂಡೇ ಕೂರ್ತಾರೆ. ಕಲ್ಲಿನ ಮೇಲೆ ನೀರು ಸುರಿಯೋಕೆ ಮಾತ್ರ ಒಪ್ಪಿದ್ದಾರೆ, ಪಕ್ಕದಲ್ಲಿ ಒಂದು ಕೊಡ ಇಟ್ಟಿದ್ದಾರೆ.

ನಿಮ್ಮ ಮುಷ್ಟಿಯಲ್ಲಿರೋ ಕಲ್ಲು ಇಷ್ಟೊತ್ತಿಗೆ ಬೆಚ್ಚಗಾಗಿರುತ್ತೆ. ಒಂದು ಮೊಳೆ ಹುಡುಕಿ ಗೀರಿ ನೋಡಿ. ಕರ‍್ರಗಿದ್ದು ಅಯಸ್ಕಾಂತ ತುಸು ವಾಲಿದರೆ ಬಸಾಲ್ಟ್, ಹಾಲಿನ ಬಣ್ಣದ್ದಾಗಿ ಗೀರು ಬೀಳದಿದ್ದರೆ ಹಳ್ಳದಲ್ಲಿ ನನಗೆ ಸಿಕ್ಕಿದ್ದೇ ನಿಮಗೂ ಸಿಕ್ಕಿದೆ. ಚೀಟಿ ಬರೆಯೋದು ಮರೀಬೇಡಿ: ಊರು, ಜಾಗ, ಇವತ್ತಿನ ತಾರೀಖು.